ಖಾಲಿ ಬ್ರಷ್‌ಗೇ ಕೆಲಸ ಜಾಸ್ತಿ

ಪ್ರಶ್ನೆ: ಮೇಡಂ, ನಾನು ಬ್ಯಾಂಕ್ ಉದ್ಯೋಗಿ. ದಿನಾ ಹಚ್ಚಿಕೊಳ್ಳೋಣ ಅಂತ ತಿಳಿ ಕಂದು ಬಣ್ಣಗಳ ಐಶ್ಯಾಡೋ ಪ್ಯಾಲೆಟ್ ತಗೊಂಡೆ. ಹಚ್ಚಿದ ದಿನವೆಲ್ಲ "ರಾತ್ರಿ ನಿದ್ದೆ ಮಾಡಿಲ್ವಾ?" ಅಂತ ಕೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರೆಪ್ಪೆಯ ಮಡಿಕೆಯಲ್ಲಿ ಗೆರೆ ಬೇರೆ. ನನ್ನದು ಎಣ್ಣೆಗೆಂಪು ಮೈಬಣ್ಣ. ಎಲ್ಲಿ ತಪ್ಪುತ್ತಿದ್ದೇನೆ?
– ಹೆಸರು ಬೇಡ, ವಿಜಯನಗರ

ಉತ್ತರ: ಪ್ಯಾಲೆಟ್ ಜೊತೆ ಬರುವ ಪುಟ್ಟ ಸ್ಪಂಜಿನ ಕಡ್ಡಿಯಲ್ಲೇ ಹಚ್ಚುತ್ತಿದ್ದೀರಿ ಅಲ್ವಾ? ನೀವು ಬರೆದಿಲ್ಲ, ಆದರೂ ನನಗೆ ಹಾಗೇ ಅನಿಸುತ್ತಿದೆ. ಆ ಕಡ್ಡಿ ಬಣ್ಣವನ್ನು ಒಂದೇ ಕಡೆ ಒತ್ತಿ ಕೂರಿಸುತ್ತದೆ, ಹರಡುವುದಿಲ್ಲ. ಅದನ್ನು ಪಕ್ಕಕ್ಕಿಡಿ. ನಿಮಗೆ ಎರಡೇ ಬ್ರಷ್ ಸಾಕು. ರೆಪ್ಪೆಯ ಮೇಲೆ ಬಣ್ಣ ಕೂರಿಸಲು ಒಂದು ಚಪ್ಪಟೆ ಬ್ರಷ್. ಹರಡಲು ತುದಿ ಗುಂಡಗಿರುವ, ಮೆತ್ತನೆಯ ಬ್ಲೆಂಡಿಂಗ್ ಬ್ರಷ್. ಹನ್ನೆರಡರ ಸೆಟ್ ಸುಮ್ನೆ ದುಡ್ಡು ದಂಡ. ಮಲ್ಲೇಶ್ವರದ ಫ್ಯಾನ್ಸಿ ಸ್ಟೋರ್‌ಗಳಲ್ಲಿ ಬಿಡಿಯಾಗಿ ಕೇಳಿ. ಮುಂಗೈ ಮೇಲೆ ಸವರಿ ನೋಡಿ, ಚುಚ್ಚಿದರೆ ಬೇಡ.

ಇನ್ನು ಬಣ್ಣ. ಬೂದಿ ಛಾಯೆಯ ಕಂದು ಎಣ್ಣೆಗೆಂಪು ಮುಖದಲ್ಲಿ ಕಣ್ಣಸುತ್ತಲಿನ ಕಪ್ಪಿನ ಜೊತೆ ಸೇರಿಕೊಳ್ಳುತ್ತದೆ. ನಿದ್ದೆಗೆಟ್ಟ ಹಾಗೆ ಕಾಣುವುದು ಅದಕ್ಕೇ. ಬಿಳಿ ಜಾಸ್ತಿ ಬೆರೆತ ಬೀಜ್ (ತೀರಾ ತಿಳಿಯಾದ ಕಂದು) ಹಚ್ಚಿದರೆ ವಿಭೂತಿ ಇಟ್ಟಂತಾಗುತ್ತದೆ. ಬೆಲ್ಲ, ಚಕ್ಕೆ, ಇಟ್ಟಿಗೆ, ಇಂಥ ಬಣ್ಣಗಳನ್ನು ಪ್ಯಾಲೆಟ್‌ನಲ್ಲಿ ಹುಡುಕಿ. ನಮ್ಮ ಮೈಬಣ್ಣಕ್ಕೆ ನ್ಯೂಟ್ರಲ್, ಅಂದರೆ ಎದ್ದು ಕಾಣದೆ ಹೊಂದಿಕೊಳ್ಳುವ ಬಣ್ಣಗಳು, ಇವೇ.

ಮಧ್ಯಾಹ್ನದ ಗೆರೆಗೆ ಕಾರಣ ರೆಪ್ಪೆಯ ಜಿಡ್ಡು. ಅಕ್ಕಿಕಾಳಿನಷ್ಟು ಕನ್ಸೀಲರ್ (ಕಲೆ ಮರೆಮಾಡುವ ಮೈಬಣ್ಣದ ಕ್ರೀಮ್) ಬೆರಳಲ್ಲಿ ತಟ್ಟಿ, ಮೇಲೆ ಸ್ವಲ್ಪ ಲೂಸ್ ಪೌಡರ್ ಹಾಕಿ. ಹಸಿ ಕನ್ಸೀಲರ್ ಮೇಲೆ ನೇರವಾಗಿ ಐಶ್ಯಾಡೋ ಇಟ್ಟರೆ ತೇಪೆ ತೇಪೆಯಾಗಿ ಅಂಟುತ್ತದೆ.

ಈಗ ಬ್ಲೆಂಡಿಂಗ್. ಬ್ರಷ್ ತುದಿಯನ್ನು ಬಣ್ಣಕ್ಕೆ ಮುಟ್ಟಿಸಿ, ಹಿಡಿಯನ್ನು ಒಮ್ಮೆ ತಟ್ಟಿ ಹೆಚ್ಚಿನ ಪುಡಿ ಉದುರಿಸಿ. ಹಿಡಿಯನ್ನು ಹಿಂದಿನ ತುದಿಯಲ್ಲಿ ಹಿಡಿಯಿರಿ, ಆಗ ಕೈಭಾರ ಬೀಳುವುದಿಲ್ಲ. ಕಣ್ಣು ಬಿಟ್ಟು ಕನ್ನಡಿಯನ್ನು ನೇರ ನೋಡುತ್ತಾ ಮಡಿಕೆಗಿಂತ ಒಂದು ಎಳೆ ಮೇಲೆ ಬೆಲ್ಲದ ಬಣ್ಣ ಇಡಿ. ಕಾರಿನ ವೈಪರ್ ಆಡಿದ ಹಾಗೆ ಆ ಕಡೆ ಈ ಕಡೆ, ಆಮೇಲೆ ಸಣ್ಣ ಸಣ್ಣ ಸುತ್ತು. ಗಾಢ ಬಣ್ಣ ಹೊರಗಿನ ಮೂಲೆಗೆ ಮಾತ್ರ, ಅದೂ ಕೊನೆಗೆ. ನಂತರ ಬ್ರಷ್ ಅನ್ನು ಟಿಶ್ಯೂ ಮೇಲೆ ಚೆನ್ನಾಗಿ ಒರೆಸಿ, ಬಣ್ಣವಿಲ್ಲದ ಬ್ರಷ್ಷನ್ನೇ ಅಂಚಿನ ಮೇಲೆ ಆಡಿಸಿ. ಹಚ್ಚಲು ಒಂದು ನಿಮಿಷ ತಗೊಂಡರೆ ಇದಕ್ಕೆ ಎರಡು ನಿಮಿಷ ಕೊಡಿ.

ಇದನ್ನು ನಾನು ಕಲಿತದ್ದು ಬಸವನಗುಡಿಯ ಒಂದು ಛತ್ರದಲ್ಲಿ. ಮದುಮಗಳ ಕಣ್ಣಿಗೆ ಮೊದಲೇ ಗಾಢ ಕಂದು ಇಟ್ಟುಬಿಟ್ಟೆ. ಸರಿಮಾಡಲು ಇನ್ನಷ್ಟು ಬಣ್ಣ ಹಾಕಿದೆ, ಇನ್ನಷ್ಟು ಕೆಟ್ಟಿತು. ಮುಹೂರ್ತಕ್ಕೆ ಅರ್ಧ ಗಂಟೆ ಇತ್ತು. ಎಲ್ಲ ಒರೆಸಿ ಮತ್ತೆ ಶುರುಮಾಡಿದೆ. ಆ ಹುಡುಗಿ ಒಂದು ಮಾತೂ ಆಡದೆ ಕಣ್ಣು ಮುಚ್ಚಿ ಕೂತಿದ್ದಳು. ಆ ತಾಳ್ಮೆ ನನಗೆ ಈಗಲೂ ನೆನಪಾಗುತ್ತದೆ. ಅವತ್ತಿನಿಂದ ಖಾಲಿ ಬ್ರಷ್ ಇಲ್ಲದೆ ನಾನು ಯಾರ ಕಣ್ಣಿಗೂ ಕೈ ಹಾಕಿಲ್ಲ.

ಇನ್ನೊಂದು ಮಾತು: ಬಚ್ಚಲುಮನೆಯ ಟ್ಯೂಬ್‌ಲೈಟ್ ನಂಬಬೇಡಿ. ಕನ್ನಡಿ ಹಿಡಿದು ಕಿಟಕಿ ಹತ್ತಿರ ಬನ್ನಿ. ಎಲ್ಲಿ ಗೆರೆ ಉಳಿದಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಐಶ್ಯಾಡೋ ಬ್ರಷ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ನಾನು, ತಂಗಿ ಇಬ್ಬರೂ ಅದನ್ನೇ ಬಳಸುತ್ತೇವೆ.
– ಓದುಗರು, ರಾಜಾಜಿನಗರ

ಉತ್ತರ: ದಿನಾ ಬಳಸಿದರೆ ವಾರಕ್ಕೊಮ್ಮೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಬೇಬಿ ಶಾಂಪೂ ಸಾಕು. ಕೂದಲು ಕೆಳಮುಖವಾಗಿರಲಿ. ನೀರು ಹಿಡಿಯ ಕಡೆ ಇಳಿದರೆ ಒಳಗಿನ ಅಂಟು ಬಿಟ್ಟು ಕೂದಲು ಉದುರುತ್ತದೆ. ಲೋಟದಲ್ಲಿ ನಿಲ್ಲಿಸದೆ ಟವೆಲ್ ಮೇಲೆ ಮಲಗಿಸಿ ಒಣಗಿಸಿ. ಮಳೆಗಾಲದಲ್ಲಿ ಒಣಗಲು ತಡವಾಗುತ್ತದೆ, ಅದಕ್ಕೆ ಶನಿವಾರ ರಾತ್ರಿಯೇ ತೊಳೆದಿಡಿ. ತಂಗಿಗೆ ಬೇರೆ ಬ್ರಷ್ ಕೊಡಿಸಿ. ಒಬ್ಬರಿಗೆ ಮದ್ರಾಸ್ ಐ ಬಂದರೆ ಅದೇ ಬ್ರಷ್‌ನಿಂದ ಇನ್ನೊಬ್ಬರಿಗೂ ಹರಡಬಹುದು.