ಪ್ರ: ಸೆಕೆಂಡ್ ಹ್ಯಾಂಡ್ ಟೊಯೋಟಾ ಹೈರೈಡರ್ ಹೈಬ್ರಿಡ್‌ಗೆ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರ್ ಇರುವ ಕಾರು) ಡೀಲರ್ ಹೇಳುವ ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ?

ನಮಸ್ಕಾರ. 2022ರ ಗಾಡಿ, 58,000 ಕಿ.ಮೀ. ಓಡಿದೆ, "ಬ್ಯಾಟರಿಗೆ ಏನೂ ಆಗಲ್ಲ ಸರ್" ಅಂತ ಡೀಲರ್ ಅಂದಿದ್ದಾರೆ, ಎರಡು ವರ್ಷದ ವಾರಂಟಿಗೆ 45,000 ಕೇಳ್ತಿದ್ದಾರೆ ಅಂತ ಬರೆದಿದ್ದೀರಿ. ಅಡ್ವಾನ್ಸ್ ಕೊಡಬೇಡಿ, ಸ್ವಲ್ಪ ತಡೆಯಿರಿ.

ಮೊದಲು ಅದು ಸ್ಟ್ರಾಂಗ್ ಹೈಬ್ರಿಡ್ಡೇ ಅಂತ ನೋಡಿ. ಹೈರೈಡರ್‌ನಲ್ಲಿ ಮೈಲ್ಡ್ ಹೈಬ್ರಿಡ್ ಕೂಡ ಇದೆ, ಅದರಲ್ಲಿ ಮೋಟಾರ್ ಎಂಜಿನ್‌ಗೆ ಸ್ವಲ್ಪ ಸಹಾಯ ಮಾಡುತ್ತದೆ ಅಷ್ಟೇ. ಎರಡನ್ನೂ ಸುಮ್ನೆ "ಹೈಬ್ರಿಡ್" ಅಂತಲೇ ಮಾರುತ್ತಾರೆ. ಮ್ಯಾನ್ಯುಯಲ್ ಗೇರ್ ಇದ್ದರೆ ಅದು ಸ್ಟ್ರಾಂಗ್ ಅಲ್ಲ. ಸ್ಟ್ರಾಂಗ್‌ನಲ್ಲಿ ಇವಿ ಮೋಡ್ (ಬರೀ ಬ್ಯಾಟರಿಯಲ್ಲಿ ಓಡಿಸುವ) ಬಟನ್ ಇರುತ್ತದೆ, ನಿಧಾನಕ್ಕೆ ಹೋಗುವಾಗ ಎಂಜಿನ್ ಆಫ್ ಆಗಿಯೂ ಗಾಡಿ ಓಡುತ್ತದೆ.

ಸ್ಟ್ರಾಂಗ್ ಆಗಿದ್ದರೆ ಹೈಬ್ರಿಡ್ ಬ್ಯಾಟರಿಗೆ ಟೊಯೋಟಾದ್ದೇ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ, ಯಾವುದು ಮೊದಲೋ ಅದು. ಅಂದರೆ ಬ್ಯಾಟರಿ ಹೆಸರಲ್ಲಿ ಹೆದರಿಸಿ ದುಡ್ಡು ಕೇಳಿದರೆ ಒಪ್ಪಬೇಡಿ. ಚಾಸಿ ನಂಬರ್ ಹಿಡಿದು ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ. ಸರ್ವಿಸ್ ಹಿಸ್ಟರಿ, ಕಿ.ಮೀ., ಹೊಸ ಮಾಲೀಕರಿಗೆ ವಾರಂಟಿ ಮುಂದುವರಿಯುತ್ತದಾ, ಎಲ್ಲ ಅಲ್ಲೇ ಕೇಳಿ.

45,000ದ ಕಾಗದ ಯಾರದ್ದು? ಕಂಪನಿಯದ್ದಾ, ಡೀಲರ್ ಸ್ವಂತದ್ದಾ? ನಾನು ಹಿಂದೊಮ್ಮೆ ಬೇರೆ ಗಾಡಿಗೆ ಡೀಲರ್ ವಾರಂಟಿ ತಗೊಂಡು ಕೈ ಸುಟ್ಟುಕೊಂಡಿದ್ದೆ. ಎಸಿ ಕೆಟ್ಟಾಗ "ಅದು ಲಿಸ್ಟ್‌ನಲ್ಲಿಲ್ಲ" ಅಂದರು. ಹಾಗಾಗಿ ಏನೇನು ಕವರ್ ಆಗಲ್ಲ ಅನ್ನುವ ಪುಟವನ್ನೇ ಮೊದಲು ಓದಿ. ಇನ್ವರ್ಟರ್ (ಬ್ಯಾಟರಿ ಕರೆಂಟನ್ನು ಮೋಟಾರ್‌ಗೆ ಬೇಕಾದ ಹಾಗೆ ಬದಲಿಸಿ ಕೊಡುವ ಭಾಗ) ಹೆಸರು ಕವರ್ ಆಗುವ ಪಟ್ಟಿಯಲ್ಲಿ ಇದೆಯಾ ನೋಡಿ. ಬಾಯಿಮಾತಲ್ಲಿ ಹೇಳಿದ್ದನ್ನೆಲ್ಲ ಸೀಲ್ ಹಾಕಿಸಿ ಬರೆಸಿಕೊಳ್ಳಿ. ಕೊಡಲ್ಲ ಅಂದರೆ ಬೇರೆ ಗಾಡಿ ನೋಡಿ.

ಹಾಂ, ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಇರುತ್ತದೆ. ಅದರಲ್ಲಿ ಧೂಳು ಕಟ್ಟಿದೆಯಾ ಅಂತಲೂ ನೋಡಿ.