ಆಟದ ಕುರಿ ಹಿಕ್ಕೆ ಹಾಕೋದಿಲ್ಲ

ಅಕ್ಕಲಕೋಟೆಯ ಮಾಸ್ತರರೊಬ್ಬರು ಬರೆದಿದ್ದಾರೆ: 'ಮಗ ಕಂಪ್ಯೂಟರಿನಲ್ಲಿ ಏಜ್ ಆಫ್ ಎಂಪೈರ್ಸ್ ಅನ್ನೋ ರಾಜ್ಯ ಕಟ್ಟುವ ಆಟ ಆಡುತ್ತಾನೆ. ಮೊದಲು ಕುರಿ, ಆಮೇಲೆ ಹೊಲ, ಆಮೇಲೆ ಕೋಟೆ. ಇತಿಹಾಸ ನಡೆದದ್ದೂ ಹೀಗೇ ಅಲ್ವಾ? ಕುರಿಯವರ ಕಾಲ ಮುಗಿದ ಮೇಲೇ ಒಕ್ಕಲುತನ.'

ಮಾಸ್ತರರೇ, ನಿಮ್ಮ ಅಕ್ಷರ ಮುತ್ತಿನಂತಿದೆ, ಮಾತು ಮಾತ್ರ ಒಪ್ಪಲಾರೆ. ಕಾಳು ಕೂಡಿಡದೆ ಪಟ್ಟಣ ಬೆಳೆಯುವುದಿಲ್ಲ, ನಿಜ. ಅಷ್ಟನ್ನು ಬಿಟ್ಟುಕೊಟ್ಟೆ. ಆ ಆಟದ 1999ರ ಎರಡನೇ ಭಾಗವನ್ನು ಅಳಿಯನ ಲ್ಯಾಪ್‌ಟಾಪಿನಲ್ಲಿ ನಾನೂ ಒಂದು ಬೇಸಿಗೆ ಆಡಿದ್ದೇನೆ (ಸೋತದ್ದೇ ಜಾಸ್ತಿ). ಕುರಿ ಸಿಕ್ಕಿತಾ, ಊರ ನಡುವೆ ತಂದು ಕಡಿ, 100 ಆಹಾರ. ಆ ಕುರಿ ಮರಿ ಹಾಕುವುದಿಲ್ಲ, ಉಣ್ಣೆ ಕೊಡುವುದಿಲ್ಲ, ಹಿಕ್ಕೆಯಂತೂ ಇಲ್ಲವೇ ಇಲ್ಲ. ಹೊಲಕ್ಕೆ 60 ಕಟ್ಟಿಗೆ ಕೊಟ್ಟರೆ ಮುಗಿಯಿತು, ಗೊಬ್ಬರದ ಮಾತೇ ಬೇಡ!

ನಮ್ಮಜ್ಜ ಮಂಗಳವೇಢೆ ಕಡೆಯ ಎರಿ ಹೊಲದಲ್ಲಿ ಜೋಳ ಬೆಳೆಯುತ್ತಿದ್ದರು. ಸುಗ್ಗಿ ಮುಗಿದದ್ದೇ ತಡ, ಕುರುಬರ ಹಿಂಡು ಯಾವ ದಾರಿಯಲ್ಲಿದೆ ಅಂತ ಆಳು ಓಡುತ್ತಿದ್ದ. ಹಿಕ್ಕೆ ಗೊಬ್ಬರಕ್ಕೆ ರಾತ್ರಿಗೆ ಇಷ್ಟು ಜೋಳ ಅಂತ ಮಾತಾಗಿ, ಹಿಂಡು ನಾಲ್ಕು ರಾತ್ರಿ ನಮ್ಮ ಹೊಲದಲ್ಲೇ ಮಲಗುತ್ತಿತ್ತು, ದಿನಕ್ಕೊಂದು ಮೂಲೆಗೆ ಹಟ್ಟಿ ಸರಿಸಿಕೊಂಡು. ಪಕ್ಕದ ಹೊಲದವ ಒಂದು ರಾತ್ರಿ ಹೆಚ್ಚು ಹಿಡಿದುಕೊಂಡರೆ ಜಗಳ. ಇದರಲ್ಲಿ ಯಾರು ಮೇಲಿನ ಮೆಟ್ಟಿಲು, ಯಾರು ಕೆಳಗಿನದು?

ಆಟದಲ್ಲಿ ಮಂದೆಯವರು ಕೆಳಗಿನ ಮೆಟ್ಟಿಲಲ್ಲದಿದ್ದರೆ ಲೂಟಿಯವರು! ಹೂಣರು, ಮಂಗೋಲರು. ಆಟದ ಹೂಣರಿಗೆ ಮನೆ ಕಟ್ಟುವ ಖರ್ಚೂ ಇಲ್ಲ. ಅಲ್ಲ ಮಾಸ್ತರರೇ, ವಿರಾಟನ ದನ ಹೊಡೆದವರು ಯಾರು? ಅರಮನೆಯ ಕೌರವರು. ಕನ್ನಡ ನಾಡಿನ ಎಷ್ಟೋ ವೀರಗಲ್ಲುಗಳು ತುರುಗೋಳಿನಲ್ಲಿ, ಅಂದರೆ ದನ ಹೊಡೆಯುವ ಕಾಳಗದಲ್ಲಿ, ಸತ್ತವರವು. ಇನ್ನು ಸೊಲ್ಲಾಪುರದ ವಿಶ್ವವಿದ್ಯಾಲಯಕ್ಕೆ ಹೆಸರಾದ ಅಹಿಲ್ಯಾಬಾಯಿ ಹೋಳ್ಕರ್ ಧನಗರ, ಅಂದರೆ ಕುರಿ ಕಾಯುವವರ, ಮನೆತನದವರು. 1767ರಿಂದ 1795ರವರೆಗೆ ರಾಜ್ಯ ಆಳಿದರು, ದೂರದೂರಕ್ಕೆ ಘಾಟು, ಗುಡಿ ಕಟ್ಟಿಸಿದರು. ಅದಕ್ಕೆ ಆಟದಲ್ಲಿ ಯಾವ ಗುಂಡಿ ಒತ್ತಬೇಕು?

2025ರಲ್ಲಿ ಕ್ರುಸೇಡರ್ ಕಿಂಗ್ಸ್ 3 ಅನ್ನೋ ಇನ್ನೊಂದು ಕಂಪ್ಯೂಟರ್ ಆಟಕ್ಕೆ ಬಂದ ಹೊಸ ಕಂತಿನಲ್ಲಿ ಅಲೆಮಾರಿಗಳಿಗೆ ಮಂದೆಯೇ ಸಂಪತ್ತು. ಅಷ್ಟು ಬುದ್ಧಿ ಬಂತಲ್ಲ ಅನ್ನಿಸಿತು. ಆದರೆ ಅದು ಸ್ಟೆಪ್ಪಿ ಹುಲ್ಲುಗಾವಲಿನ ಕಥೆ, ನಮ್ಮ ಕೂಳೆ ಹೊಲದ್ದಲ್ಲ.

ಆಟದವರನ್ನೇ ಯಾಕೆ ಬೈಯಲಿ? ದನಕುರಿ ಮೇಯುತ್ತಿದ್ದ ನಮ್ಮೂರ ಗಾಯರಾಣಕ್ಕೆ ಬೇಲಿ ಬಿತ್ತು, ಕಾಗದದಲ್ಲಿ 'ಪಾಳು ಜಾಗ' ಅಂತ ಬರೆದರು. ನೀರು ಬಂದು ಕಬ್ಬು ನಿಂತ ಮೇಲೆ ಹೊಲ ಖಾಲಿಯೇ ಬೀಳುವುದಿಲ್ಲ. ಹೋದ ವರ್ಷ ಹಿಂಡಿನವರೊಬ್ಬರು ಬಾಗಿಲಿಗೆ ಬಂದು 'ಹಟ್ಟಿ ಹಾಕ್ಲೇನ್ರಿ ಯಜಮಾನ್ರ?' ಅಂದರು. ಪಡಸಾಲೆಯಲ್ಲಿ ಯೂರಿಯಾ ಚೀಲ ಆಗಲೇ ಇಳಿದಿತ್ತು. ಒಂದು ತಂಬಿಗೆ ನೀರು ಕೊಟ್ಟು ಕಳಿಸಿದೆ.