ಮಚ್ಚಿನೇಟಿಗೆ ಕೈ ಹೋಗಿದೆ, ಕಳ್ಳರು ಸಿಕ್ಕಿಲ್ಲ, ಪರಿಹಾರ ಸಿಗುತ್ತಾ?

ಪ್ರಶ್ನೆ: ನಾನು ದಾವಣಗೆರೆ ಕಡೆಯ ಟೈಲರ್. ಎರಡು ತಿಂಗಳ ಹಿಂದೆ ರಾತ್ರಿ ಅಂಗಡಿ ಬಾಗಿಲು ಹಾಕಿ ಹೊರಟಾಗ ಬೈಕಿನಲ್ಲಿ ಬಂದ ಇಬ್ಬರು ದುಡ್ಡಿನ ಚೀಲಕ್ಕೆ ಕೈ ಹಾಕಿದರು. ನಾನು ಬಿಡಲಿಲ್ಲ, ಬಲಗೈಗೆ ಮಚ್ಚು ಬೀಸಿದರು. ಮಣಿಕಟ್ಟಿನ ಮೇಲೆ ಟೆಂಡನ್ನು (ಬೆರಳು ಮಡಚಿಸುವ ಗಟ್ಟಿ ಹುರಿ), ನರ ಎರಡೂ ಕತ್ತರಿಸಿ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಬೆರಳು ಪೂರ್ತಿ ಮಡಚಲ್ಲ, ಕಿರುಬೆರಳಿಗೆ ಸ್ಪರ್ಶ ಇಲ್ಲ. ದುಡ್ಡಿಲ್ಲದೆ ಫಿಸಿಯೋಥೆರಪಿ ನಿಲ್ಲಿಸಿದ್ದೇನೆ. ಹೆಂಡತಿ ಒಡವೆ ಅಡ ಇಟ್ಟಾಗಿದೆ, ಸಂಘದ ಕಂತು ಬಾಕಿ. ಕಳ್ಳರು ಸಿಕ್ಕು ಕೇಸ್ ಮುಗಿಯುವ ತನಕ ಪರಿಹಾರಕ್ಕೆ ಕಾಯಬೇಕಾ? ಬೈಕ್ ಶಬ್ದ ಕೇಳಿದರೆ ಈಗಲೂ ಮೈ ನಡುಗುತ್ತದೆ.

ಉತ್ತರ: ಕಾಯಬೇಡಿ. ಕೈಗೂ ಕಾಯಬೇಡಿ, ದುಡ್ಡಿಗೂ ಕಾಯಬೇಡಿ.

ಮೊದಲು ಕೈ. ಫಿಸಿಯೋಥೆರಪಿ ನಿಲ್ಲಿಸಿದ್ದು ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದ ಸಾಲು. ಹೊಲಿದ ಟೆಂಡನ್ನು ಆಡಿಸದೇ ಬಿಟ್ಟರೆ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಕೂರುತ್ತದೆ. ಆಮೇಲೆ ಅದನ್ನು ಬಿಡಿಸಲು ಇನ್ನೊಂದು ಆಪರೇಷನ್ ಬೇಕಾಗಬಹುದು. ಜಿಲ್ಲಾ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ, ಖರ್ಚು ಖಾಸಗಿಯಷ್ಟು ಬರುವುದಿಲ್ಲ. ದಿನಾ ಹೋಗಲು ಆಗದಿದ್ದರೆ ಹೆಂಡತಿಯನ್ನೂ ಒಮ್ಮೆ ಕರೆದುಕೊಂಡು ಹೋಗಿ. ಎಡಗೈಯಿಂದ ಬೆರಳು ಮಡಚಿ, ಬಿಟ್ಟು, ಅದು ತಾನಾಗೇ ಮಡಚಿ ನಿಲ್ಲುತ್ತಾ ನೋಡುವ ಅಭ್ಯಾಸವನ್ನು ಇಬ್ಬರೂ ಕಲಿತುಕೊಂಡು ಬನ್ನಿ. ದಿನಕ್ಕೊಮ್ಮೆ ಒಂದು ಗಂಟೆ ಮಾಡುವುದಕ್ಕಿಂತ ಐದೈದು ನಿಮಿಷ ಹಲವು ಸಲ ಮಾಡುವುದು ಒಳ್ಳೆಯದು. ಗಾಯದ ಗುರುತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒತ್ತಿ ತಿಕ್ಕಿ, ಅಂಟು ಸಡಿಲಾಗುತ್ತದೆ.

ಆದರೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಈಗಲೇ ಹಿಡಿಯಬೇಡಿ. ಆಪರೇಷನ್ ಆಗಿ ಸುಮಾರು 12 ವಾರ ತುಂಬುವ ತನಕ, ವೈದ್ಯರು ಆಗಲಿ ಅನ್ನುವ ತನಕ, ಗಟ್ಟಿ ಹಿಡಿತದ ಕೆಲಸ ಬೇಡ. ಮಡಚುತ್ತಿದ್ದ ಬೆರಳು ಒಂದು ದಿನ ಇದ್ದಕ್ಕಿದ್ದಂತೆ ಮಡಚದೇ ಹೋದರೆ ಹೊಲಿಗೆ ಕಿತ್ತಿರಬಹುದು, ಅವತ್ತೇ ಸರ್ಜನ್ ಹತ್ತಿರ ಹೋಗಿ.

ಕಿರುಬೆರಳ ವಿಷಯಕ್ಕೆ ತಾಳ್ಮೆ ಬೇಕು. ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಟೇಪ್ ನಿಮ್ಮ ಕುತ್ತಿಗೆಯಲ್ಲೇ ಇರುತ್ತದಲ್ವಾ, ಗಾಯದಿಂದ ಬೆರಳ ತುದಿಗೆ ಅಳೆದು ನೋಡಿ. 18 ಸೆಂಟಿಮೀಟರ್ ಬಂದರೆ ಆರು ತಿಂಗಳ ಲೆಕ್ಕ, ಅದೂ ಎಲ್ಲ ನೆಟ್ಟಗೆ ನಡೆದರೆ. ಅಲ್ಲಿಯವರೆಗೆ ಇಸ್ತ್ರಿ ಪೆಟ್ಟಿಗೆ ಹತ್ತಿರ ಹುಷಾರು. ಸ್ಪರ್ಶ ಇಲ್ಲದ ಬೆರಳು ಸುಟ್ಟರೂ ಗೊತ್ತಾಗಲ್ಲ.

ಈಗ ದುಡ್ಡು. ಅಪರಾಧಕ್ಕೆ ಸಿಕ್ಕಿ ನೊಂದವರಿಗೆ ಸರ್ಕಾರವೇ ಪರಿಹಾರ ಕೊಡುವ ಯೋಜನೆ ಕರ್ನಾಟಕದಲ್ಲಿ ಇದೆ. ಅಪರಾಧ ಪ್ರಕರಣ ನಡೆಸುವ ಕ್ರಮದ ಹಳೆಯ ಕಾನೂನಾದ ಸಿಆರ್‌ಪಿಸಿಯಲ್ಲಿ 357ಎ ಆಗಿದ್ದ ಕಲಂ ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 396. ಆರೋಪಿ ಯಾರೆಂದೇ ಗೊತ್ತಾಗದೆ ವಿಚಾರಣೆಯೇ ನಡೆಯದಿದ್ದರೂ ಅರ್ಜಿ ಹಾಕಬಹುದು ಎಂದು ಅದರಲ್ಲೇ ಇದೆ. ಪೊಲೀಸರು ನಾಳೆ ಪತ್ತೆಯಾಗಲಿಲ್ಲ ಎಂದು ‘ಸಿ’ ರಿಪೋರ್ಟ್ ಹಾಕಿದರೂ ನಿಮ್ಮ ಹಕ್ಕು ಹೋಗುವುದಿಲ್ಲ. ಠಾಣೆಯಲ್ಲೇ ಕೆಲವರು “ಕಳ್ಳರು ಸಿಗಲಿ ಮೊದಲು” ಅಂತಾರೆ, ಅದನ್ನು ಕೇಳಿ ಸುಮ್ನೆ ಕೂತವರು ತುಂಬಾ ಜನ.

ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಕಾನೂನಿನ ಪ್ರಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ಮೊತ್ತ ನಿರ್ಧರಿಸಬೇಕು. ಹೇಳಿದ ದಿನಕ್ಕೇ ಆಗುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ಮಧ್ಯಂತರ ಪರಿಹಾರ (ಅಂತಿಮ ಮೊತ್ತ ನಿರ್ಧಾರವಾಗುವ ಮೊದಲೇ ಕೊಡುವುದು) ಬೇಕು ಎಂದು ಅದೇ ಅರ್ಜಿಯಲ್ಲಿ ಬೇರೆಯಾಗಿ ಬರೆಯಿರಿ. ಕೇಳದಿದ್ದರೆ ಯಾರೂ ನೆನಪು ಮಾಡಿಕೊಂಡು ಕೊಡುವುದಿಲ್ಲ.

ಜೊತೆಗೆ ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಕೈಯ ಫೋಟೋ ಇರಲಿ. ಎಲ್ಲಕ್ಕಿಂತ ಮುಖ್ಯ ವೂಂಡ್ ಸರ್ಟಿಫಿಕೇಟ್, ಅಂದರೆ ಗಾಯ ಎಂಥದ್ದು ಎಂದು ವೈದ್ಯರು ಬರೆದುಕೊಡುವ ಪತ್ರ. ಮೊದಲ ರಾತ್ರಿ ಅವಸರದಲ್ಲಿ ನೋಡಿದ ಡ್ಯೂಟಿ ಡಾಕ್ಟರ್ ‘ಸಾಮಾನ್ಯ ಗಾಯ’ ಎಂದು ಬರೆದು ಬಿಟ್ಟಿರುವುದುಂಟು. ನಿಮ್ಮದು ಹಾಗಲ್ಲ. ಕೈಯ ಶಕ್ತಿ ಶಾಶ್ವತವಾಗಿ ಕುಂದುವುದು, 15 ದಿನ ದಿನನಿತ್ಯದ ಕೆಲಸ ಮಾಡಲಾಗದಿರುವುದು, ಇವು ಅಪರಾಧ ಮತ್ತು ಶಿಕ್ಷೆಗಳ ಈಗಿನ ಕಾನೂನಾದ ಬಿಎನ್‌ಎಸ್ ಪ್ರಕಾರ ತೀವ್ರ ಗಾಯ. ಆಪರೇಷನ್ ಮಾಡಿದ ಸರ್ಜನ್ನಿಂದ ಟೆಂಡನ್ನು, ನರ ತುಂಡಾಗಿದ್ದವು ಎಂದು ಬರೆಸಿ, ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಪರಿಹಾರದಿಂದ ಸಾಲವೆಲ್ಲ ತೀರುತ್ತದೆ ಎಂದು ನಾನು ಹೇಳುವುದಿಲ್ಲ, ತೀರದೇ ಇರುವುದೇ ಹೆಚ್ಚು. ಇನ್ನೆರಡು ಕಡೆ ನೋಡಿ. ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಮೇ ಕೊನೆ ಅಥವಾ ಜೂನ್ ಹೊತ್ತಿಗೆ 20 ರೂಪಾಯಿ ಕಡಿತವಾಗಿದೆಯಾ ಹುಡುಕಿ. ಆಗಿದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ ನಿಮ್ಮ ಹೆಸರಲ್ಲಿದೆ. ಒಂದು ಕೈ ಪೂರ್ತಿ ನಿರುಪಯುಕ್ತವಾದರೆ 1 ಲಕ್ಷ ಕೊಡುತ್ತಾರೆ. ಅರ್ಧಂಬರ್ಧ ಆಡುವ ಕೈಗೆ ಸಿಗುವುದು ಕಷ್ಟ, ಆದರೂ ಬ್ಯಾಂಕಿನಲ್ಲಿ ಕೇಳಿ. ಇನ್ನೊಂದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಕಟ್ಟಿಯಾದ ಬಿಲ್ಲಿಗೆ ಅದು ಸಾಮಾನ್ಯವಾಗಿ ಒದಗುವುದಿಲ್ಲ, ಮತ್ತೊಂದು ಆಪರೇಷನ್ ಬಂದರೆ ಮಾತ್ರ ಮೊದಲು ಆ ದಾರಿ ಹಿಡಿಯಿರಿ.

ಸಂಘದವರ ಹತ್ತಿರ ಕಂತಿಗೆ ಸಮಯ ಬೇಕೆಂದು ಬರವಣಿಗೆಯಲ್ಲಿ ಕೇಳಿ, ಡಿಸ್ಚಾರ್ಜ್ ಸಮ್ಮರಿ ಪ್ರತಿ ಲಗತ್ತಿಸಿ. ಮನೆ ಮುಂದೆ ಬಂದು ಗಲಾಟೆ ಮಾಡಿದರೆ ಪೊಲೀಸರಿಗೆ ದೂರು ಕೊಡಿ, ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನೇ ತಂದಿದೆ.

ಬೈಕ್ ಶಬ್ದಕ್ಕೆ ನಡುಗುವುದು ನಿಮ್ಮ ಪುಕ್ಕಲುತನ ಅಲ್ಲ. ಇಂಥ ಏಟು ತಿಂದ ಮೇಲೆ ಕೆಲವು ವಾರ ಹಾಗಾಗುವುದು ಸಹಜ, ಆದರೆ ತಿಂಗಳು ದಾಟಿಯೂ ನಿಂತಿಲ್ಲ ಅಂದರೆ ಅದಕ್ಕೂ ಚಿಕಿತ್ಸೆ ಬೇಕು, ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫಿಸಿಯೋಥೆರಪಿಗೆ ಹೋದ ದಿನವೇ ಅದೇ ಆಸ್ಪತ್ರೆಯ ಮನೋವೈದ್ಯರಿಗೂ ಒಂದು ಚೀಟಿ ಮಾಡಿಸಿ. ನಿದ್ದೆ ಬರಲಿ ಎಂದು ಕುಡಿಯುವ ಅಭ್ಯಾಸ ಶುರುವಾಗಿದ್ದರೆ ಅದನ್ನೂ ಅವರಿಗೆ ಮುಚ್ಚಿಡದೆ ಹೇಳಿ.